ಬಾವಿ ತೋಡಿದ ಹುಡುಗನಿಗೆ ಚಪ್ಪಾಳೆ ತಟ್ಟಿದ್ದು ಸಾಕು

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ರೋಯಿಂಗ್ ಸ್ಪರ್ಧಿ ಒಬ್ಬರೇ, ಹರಿಯಾಣದ ಬಲರಾಜ್ ಪನ್ವಾರ್. ಸಿಂಗಲ್ ಸ್ಕಲ್ಸ್‌ನಲ್ಲಿ ಅವರಿಗೆ 23ನೇ ಸ್ಥಾನ ಬಂತು. ‘ಇಷ್ಟಕ್ಕೆ ಅಲ್ಲಿವರೆಗೆ ಹೋಗಬೇಕಿತ್ತಾ?’ ಅಂತ ಕೇಳೋದು ಸುಲಭ. ಕೇಳಬೇಕಾದ ಪ್ರಶ್ನೆ ಅದಲ್ಲ.

ಸಿಂಗಲ್ ಸ್ಕಲ್ಸ್ ಅಂದರೆ ಒಂದು ಕಿರಿದಾದ ದೋಣಿ, ಒಬ್ಬ ಮನುಷ್ಯ, ಎರಡು ಹುಟ್ಟು. ಗುರಿಗೆ ಬೆನ್ನು ಹಾಕಿ ಕೂತು 2000 ಮೀಟರ್ ಹುಟ್ಟು ಹಾಕಬೇಕು. ಸುಮಾರು ಏಳು ನಿಮಿಷ, ಕೈಜೋಡಿಸಲು ಯಾರೂ ಇಲ್ಲ.

ಈ ಸ್ಪರ್ಧೆಯಲ್ಲಿ ನಮ್ಮವರ ಲೆಕ್ಕ ನೋಡಿ. 2008ರಲ್ಲಿ ಬಜರಂಗ್ ಲಾಲ್ ಠಾಕರ್ 21ನೇ ಸ್ಥಾನ, 2012ರಲ್ಲಿ ಸ್ವರಣ್ ಸಿಂಗ್ 16, 2016ರಲ್ಲಿ ದತ್ತು ಭೋಕನಾಳ್ 13, 2024ರಲ್ಲಿ ಬಲರಾಜ್ 23. ನಾಲ್ವರೂ ಹಳ್ಳಿಯವರು, ನಾಲ್ವರೂ ಸೈನಿಕರು. ಹುಟ್ಟು ಹಿಡಿದದ್ದೇ ಸೈನ್ಯ ಸೇರಿದ ಮೇಲೆ.

ದತ್ತು ಕಥೆ ಹಲವರಿಗೆ ಗೊತ್ತು. ನಾಸಿಕ್ ಜಿಲ್ಲೆಯ ಚಾಂದವಡ ತಾಲ್ಲೂಕು, ಬರದ ಸೀಮೆ. ಅಪ್ಪನ ಜೊತೆ ಬಾವಿ ತೋಡುತ್ತಿದ್ದ ಹುಡುಗ 2012ರಲ್ಲಿ ಸೈನ್ಯ ಸೇರಿದ, ನಾಲ್ಕೇ ವರ್ಷಕ್ಕೆ ರಿಯೋದಲ್ಲಿದ್ದ. ಇದನ್ನು ಓದಿ ಚಪ್ಪಾಳೆ ತಟ್ಟುತ್ತೇವೆ, ‘ಬಡತನ ಗೆದ್ದವನು’ ಅನ್ನುತ್ತೇವೆ. ಅಲ್ಲೇ ನನ್ನ ತಕರಾರು. ಬಡತನ ಯಾರಿಗೂ ತರಬೇತಿ ಕೊಡುವುದಿಲ್ಲ. ಸೈನ್ಯದ ಕಣ್ಣಿಗೆ ಬೀಳದಿದ್ದರೆ ಆ ತೋಳುಗಳು ಇವತ್ತಿಗೂ ಬಾವಿಯಲ್ಲೇ ಇರುತ್ತಿದ್ದವು.

ಬ್ರಿಟನ್‌ನ ಹೆಲೆನ್ ಗ್ಲೋವರ್ ಕೂಡ ತಡವಾಗಿ, 2008ರಲ್ಲಿ ರೋಯಿಂಗ್ ಶುರುಮಾಡಿದವರು. 2012ರಲ್ಲಿ ಇಬ್ಬರ ದೋಣಿಯಲ್ಲಿ ಚಿನ್ನ ಗೆದ್ದರು. ಅವರಿಗೂ ಸಿಕ್ಕಿದ್ದು ನಾಲ್ಕೇ ವರ್ಷ. ಆದರೆ ಎತ್ತರದ ಯುವಕ ಯುವತಿಯರು ಬೇಕೆಂದು ಅಲ್ಲಿ ಕ್ರೀಡಾ ಸಂಸ್ಥೆಯೇ ಹುಡುಕಿಕೊಂಡು ಹೊರಟಿತ್ತು. ನಮ್ಮಲ್ಲಿ ಹುಡುಕುವ ಕೆಲಸವನ್ನು ಗಡಿ ಕಾಯುವವರಿಗೇ ಬಿಟ್ಟಿದ್ದೇವೆ. ಸೈನ್ಯದ ಭರ್ತಿಯಲ್ಲಿ ಉಳಿಯದ ಹುಡುಗ ಎಲ್ಲಿಗೆ ಹೋಗಬೇಕು? ಹೆಣ್ಣುಮಕ್ಕಳಿಗಂತೂ ಆ ಬಾಗಿಲು ಇನ್ನೂ ಕಿರಿದು.

‘ದೋಣಿ ದುಬಾರಿ, ಇದು ದುಡ್ಡಿದ್ದವರ ಆಟ’ ಅನ್ನುವವರಿದ್ದಾರೆ. ದೋಣಿ ದುಬಾರಿಯೇ, ಒಪ್ಪೋಣ. ಆದರೆ ಪ್ರತಿಭೆ ಹುಡುಕಲು ದೋಣಿ ಬೇಡ, ನೀರೂ ಬೇಡ. ನೆಲದ ಮೇಲಿಟ್ಟು ಎಳೆಯುವ ರೋಯಿಂಗ್ ಯಂತ್ರ ಸಾಕು. ಎತ್ತರ, ಉದ್ದ ತೋಳು, ಗಟ್ಟಿ ಶ್ವಾಸ ಇರುವವರು ಅದರ ಮೇಲೇ ಗೊತ್ತಾಗುತ್ತಾರೆ. ಜಿಲ್ಲಾ ಕ್ರೀಡಾಂಗಣಕ್ಕೆ ಒಂದು ಯಂತ್ರ, ಬಳಸಲು ಗೊತ್ತಿರುವ ಒಬ್ಬ ಕೋಚ್: ಇದು ಸರ್ಕಾರದ ಕೈಗೆ ಎಟುಕದ ಖರ್ಚೇ?

ಮುಂದಿನ ಸಲ ಇಂಥ ಕಥೆ ನಿಮ್ಮ ಫೋನಿಗೆ ಬಂದರೆ ಫಾರ್ವರ್ಡ್ ಮಾಡಿ. ಜೊತೆಗೊಂದು ಪ್ರಶ್ನೆ ಸೇರಿಸಿ: ಇವನನ್ನು ಸೈನ್ಯಕ್ಕಿಂತ ಮೊದಲು ಯಾರು ಹುಡುಕಬೇಕಿತ್ತು?