ಎದ್ದು ನಿಂತ ಮೇಲೂ ಹಾಡಿಸಬೇಕೆ?

ರಾಷ್ಟ್ರಗೀತೆ ಹಾಡದವರ ದೇಶಭಕ್ತಿಯನ್ನು ಅನುಮಾನಿಸುವವರು ಬೆಂಗಳೂರಿನ ಚರಿತ್ರೆಯನ್ನೊಮ್ಮೆ ನೋಡಬೇಕು. 1881ರಿಂದ 1947ರವರೆಗೆ ಇಲ್ಲಿ ಎರಡು ಆಡಳಿತಗಳಿದ್ದವು, ಎರಡು ಗೀತೆಗಳಿದ್ದವು. ಹಲಸೂರು, ಶಿವಾಜಿನಗರಗಳು ಸೇರಿದ್ದ ಬ್ರಿಟಿಷರ ದಂಡು ಪ್ರದೇಶದಲ್ಲಿ ಬ್ರಿಟಿಷ್ ದೊರೆಯನ್ನು ಕಾಪಾಡೆಂದು ದೇವರನ್ನು ಬೇಡುವ ‘ಗಾಡ್ ಸೇವ್ ದ ಕಿಂಗ್’ (ರಾಣಿಯ ಕಾಲದಲ್ಲಿ ‘ಕ್ವೀನ್’). ಪೇಟೆಯ ಕಡೆ ಮೈಸೂರು ಅರಸರನ್ನು ಕಾಯೆಂದು ದೇವಿಯನ್ನು ಬೇಡುವ, ಬಸಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀ ಗೌರಿ’. ಬ್ರಿಟಿಷ್ ದೊರೆ ಇಂಗ್ಲೆಂಡಿನ ಚರ್ಚಿಗೂ ಮುಖ್ಯಸ್ಥ. ಆತನ ಶತ್ರುಗಳನ್ನು ಚದುರಿಸು ಎಂಬ ಮೊರೆಯೂ ದಂಡಿನ ಗೀತೆಯಲ್ಲಿತ್ತು. ಎರಡೂ ದೈವಭಕ್ತಿಯನ್ನೂ ರಾಜನಿಷ್ಠೆಯನ್ನೂ ಬೆಸೆದ ಪ್ರಾರ್ಥನೆಗಳು.

1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ‘ಜನ ಗಣ ಮನ’ ರಾಷ್ಟ್ರಗೀತೆಯೆಂದು ಘೋಷಣೆಯಾದಾಗ ಅರಸರ ಜಾಗಕ್ಕೆ ಜನ ಬಂದರು. ರವೀಂದ್ರನಾಥ ಠಾಕೂರರ ಮೂಲ ಕವಿತೆಯ ಎರಡನೆಯ ಚರಣ ಹಿಂದೂ, ಬೌದ್ಧ, ಸಿಖ್, ಜೈನ, ಪಾರಸಿ, ಮುಸಲ್ಮಾನರೊಂದಿಗೆ ಕ್ರೈಸ್ತರನ್ನೂ ಹೆಸರಿಸುತ್ತದೆ. ಕುವೆಂಪು ಅವರ ನಾಡಗೀತೆಯಲ್ಲೂ ಕ್ರೈಸ್ತರ ಹೆಸರಿದೆ. ಹಾಗಿದ್ದೂ ಕೆಲವು ಕ್ರೈಸ್ತರಿಗೆ ರಾಷ್ಟ್ರಗೀತೆ ಹಾಡಲು ಹಿಂಜರಿಕೆಯೇಕೆ ಎಂದು ಕೇಳುವವರಿದ್ದಾರೆ. ಬಹುಪಾಲು ಕ್ರೈಸ್ತರಿಗೆ ಹಿಂಜರಿಕೆಯೇನೂ ಇಲ್ಲ. ಆದರೆ ನಾಡಿನ ಭಾಗ್ಯ ಬರೆಯುವವನನ್ನು ಸಂಬೋಧಿಸುವ ಈ ಗೀತೆಯಲ್ಲಿ ಪ್ರಾರ್ಥನೆಯ ಧ್ವನಿಯಿರುವುದೂ ನಿಜ. ತಮ್ಮ ದೇವರಿಗಲ್ಲದೆ ಬೇರೆ ಪ್ರಾರ್ಥನೆ ಸಲ್ಲದು ಎಂದು ನಂಬಿದವರ ಮೌನವನ್ನು ದ್ರೋಹವೆನ್ನಲಾಗದು.

1985ರಲ್ಲಿ ಕೇರಳದ ಶಾಲೆಯೊಂದು ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆ ಹಾಡುವಾಗ ಅವರು ಎಲ್ಲರಂತೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೇ. ಮಕ್ಕಳು ಶಿಸ್ತಿನವರು, ಗೀತೆಗೆ ಅಗೌರವ ತೋರಿಲ್ಲ ಎಂದು ವಿಚಾರಣಾ ವರದಿಯೇ ಹೇಳಿದ್ದರೂ ಅವರಿಗೆ ಶಾಲೆಯ ಬಾಗಿಲು ಮುಚ್ಚಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ, ಹಾಡಲೇಬೇಕೆಂಬ ಕಾನೂನು ಇಲ್ಲ, ಗೌರವದಿಂದ ನಿಂತರೆ ಸಾಕು ಎಂದು ಹೇಳಿ ಮಕ್ಕಳನ್ನು ಮರಳಿ ಸೇರಿಸಲು ಆದೇಶಿಸಿತು.

ಒಬ್ಬರಿಗೆ ವಿನಾಯಿತಿ ಕೊಟ್ಟರೆ ಶಿಸ್ತು ಹಾಳಾಗುತ್ತದೆ ಎಂಬ ಆಕ್ಷೇಪಕ್ಕೆ 1971ರ ರಾಷ್ಟ್ರಗೌರವ ಕಾಯ್ದೆಯಲ್ಲೇ ಉತ್ತರವಿದೆ. ಹಾಡುವವರನ್ನು ಬೇಕೆಂದೇ ತಡೆಯುವುದು, ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವುದು ಅದರಡಿ ಅಪರಾಧ, ಸುಮ್ಮನೆ ನಿಲ್ಲುವುದಲ್ಲ. ಸಂವಿಧಾನದ 51ಎ ವಿಧಿ ಕೇಳುವುದೂ ಗೌರವವನ್ನೇ. ಹೆದರಿಸಿ ಹಾಡಿಸಿದರೆ ದನಿ ಹೊರಡಬಹುದು, ಗೌರವ ಹುಟ್ಟುವುದಿಲ್ಲ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಪ್ರತಿ ಶಾಲೆಯೂ ಎದ್ದು ನಿಲ್ಲುವುದನ್ನು ಕಲಿಸಲಿ, ಹಾಡನ್ನು ಪ್ರೀತಿಯಿಂದ ಕಲಿಸಲಿ; ಹಾಡದ ಮಗುವನ್ನು ಸಾಲಿನಿಂದ ಹೊರಗೆ ಎಳೆಯುವ ಹಕ್ಕು ಯಾರಿಗೂ ಇಲ್ಲ.