ಊಹಿಸಿಕೊಂಡ ಸಮ್ಮತಿ
ಸ್ಪೇನ್ ತೊರೆದ ಪಶ್ಚಿಮ ಸಹಾರಾವನ್ನು 1975ರಿಂದ ಮೊರಾಕ್ಕೊ ಕೈವಶ ಮಾಡಿಕೊಳ್ಳತೊಡಗಿತು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದು ಇಂದಿಗೂ ಸ್ವಯಮಾಡಳಿತ ದೊರೆಯದ ಪ್ರದೇಶ. ಆದರೂ ಅಲ್ಲಿನ ಮೀನು, ಟೊಮೆಟೊಗಳಿಗಾಗಿ ಐರೋಪ್ಯ ಒಕ್ಕೂಟ ಒಪ್ಪಂದ ಮಾಡಿಕೊಂಡದ್ದು ಮೊರಾಕ್ಕೊದೊಡನೆ. ಸಹರಾವಿ ಜನರ ಸಮ್ಮತಿಯಿಲ್ಲದ ಈ ಒಪ್ಪಂದಗಳು ಊರ್ಜಿತವಲ್ಲವೆಂದು ಒಕ್ಕೂಟದ ನ್ಯಾಯಾಲಯವೇ 2024ರ ಅಕ್ಟೋಬರ್ 4ರಂದು ತೀರ್ಪಿತ್ತಿತು. ಆದರೆ, ಜನರಿಗೆ ನಿರ್ದಿಷ್ಟ ಲಾಭ ದೊರೆಯುವುದಾದರೆ ಸಮ್ಮತಿಯನ್ನು ಊಹಿಸಿಕೊಳ್ಳಬಹುದೆಂಬ ಕಿಂಡಿಯೊಂದನ್ನೂ ತೆರೆದಿಟ್ಟಿತು. 2025ರ ಅಕ್ಟೋಬರಿನಲ್ಲಿ ಒಕ್ಕೂಟ ಅದೇ ಕಿಂಡಿಯಲ್ಲಿ ನುಸುಳಿ ಮೊರಾಕ್ಕೊದೊಡನೆಯೇ ಮತ್ತೆ ಒಪ್ಪಂದ ಮಾಡಿಕೊಂಡಿತು. ಲಾಭವನ್ನು ಅಳೆಯುವವರೂ ಕೊಳ್ಳುವವರೇ ಆದರೆ ಅದನ್ನು ನ್ಯಾಯವೆನ್ನಲು ನಾನು ಸಿದ್ಧನಿಲ್ಲ. ಸಹರಾವಿಗಳಲ್ಲಿ ಅನೇಕರು ದಶಕಗಳಿಂದ ಅಲ್ಜೀರಿಯದ ನಿರಾಶ್ರಿತ ಶಿಬಿರಗಳಲ್ಲಿದ್ದಾರೆ. ಕೇಳಿದರೆ ಉತ್ತರಿಸಬಲ್ಲ ಜನರಿರುವಾಗ ಸಮ್ಮತಿಯನ್ನು ಊಹಿಸಿಕೊಳ್ಳುವ ಅಗತ್ಯವಾದರೂ ಏನು?