ಮರೆತ ಪ್ರಮೋದ ಭಾವನೆ

ಪರೀಕ್ಷೆಯ ಫಲಿತಾಂಶ ಬಂದ ಸಂಜೆ. ಮಗ ಗಣಿತದಲ್ಲಿ 100ಕ್ಕೆ 92 ಅಂಕ ತಂದಿದ್ದಾನೆ. ಅಂಕಪಟ್ಟಿಯನ್ನು ಕೈಗೆತ್ತಿಕೊಂಡ ತಂದೆ ಕೇಳುವ ಮೊದಲ ಪ್ರಶ್ನೆ: ‘ಉಳಿದ 8 ಎಲ್ಲಿ ಹೋಯಿತು?’ ಅದೇ ತಂದೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ಕೈಕಾಲು ತೊಳೆದು ಸಾಮಾಯಿಕಕ್ಕೆ ಕೂಡುತ್ತಾರೆ. ಸಕಲ ಜೀವಿಗಳಲ್ಲಿ ಮೈತ್ರಿಯೂ ಗುಣವಂತರಲ್ಲಿ ಪ್ರಮೋದವೂ ತಮಗೆ ಉಂಟಾಗಲೆಂದು ಬಾಲ್ಯದಿಂದ ಬಾಯಿಗೆ ಬಂದ ಪಾಠವನ್ನು ಒಂದಕ್ಷರ ತಪ್ಪದೆ ಹೇಳುತ್ತಾರೆ. ಗುಣವಂತನಾದವನು ಪಕ್ಕದ ಕೋಣೆಯಲ್ಲಿ ಮುಸುಕೆಳೆದು ಮಲಗಿರುತ್ತಾನೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿಗಳು ಭಾವಿಸಬೇಕಾದ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ತಿದ್ದಲಾಗದ ಅವಿನೀತರಲ್ಲಿ ಮಾಧ್ಯಸ್ಥ್ಯ. ಇವುಗಳಲ್ಲಿ ಕಾರುಣ್ಯಕ್ಕೆ ಸಮಾಜದಲ್ಲಿ ಒಳ್ಳೆಯ ನೆಲೆಯಿದೆ. ಗೋಶಾಲೆಗಳಿವೆ, ಅನ್ನದಾನ ಔಷಧದಾನಗಳಿವೆ. ಮೈತ್ರಿಗೆ ಕ್ಷಮಾವಣಿಯ ದಿನವಿದೆ. ಮಾಧ್ಯಸ್ಥ್ಯವನ್ನು ವಯಸ್ಸೇ ಕಲಿಸುತ್ತದೆ. ಪ್ರಮೋದಕ್ಕೆ ಮಾತ್ರ ಹಬ್ಬವೂ ಇಲ್ಲ, ಸಂಸ್ಥೆಯೂ ಇಲ್ಲ. ಜಿನಬಿಂಬದ ಮುಂದೆ ಅದು ಧಾರಾಳವಾಗಿ ಹರಿಯುತ್ತದೆ, ನಿಜ. ಆದರೆ ಬಸದಿಯ ಮೆಟ್ಟಿಲಿಳಿದು ಮನೆಯ ಹೊಸಿಲು ತಲುಪುವಷ್ಟರಲ್ಲಿ ಅದು ಬತ್ತಿಹೋಗಿರುತ್ತದೆ.

ಈ ಕೊರತೆಯನ್ನು ಬೇರೊಂದು ದಾರಿಯಿಂದ ಬಂದವರು ಕಂಡುಕೊಂಡರು ಎಂಬುದು ಕುತೂಹಲದ ಸಂಗತಿ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್ ಅವರು ತಮ್ಮ ಶಾಸ್ತ್ರದ ಮೇಲೆಯೇ ಒಂದು ದೂರನ್ನಿಟ್ಟರು. ಎರಡನೆಯ ಮಹಾಯುದ್ಧದ ಅನಂತರ ಮನೋವಿಜ್ಞಾನವು ರೋಗವನ್ನೇ ನೋಡುತ್ತ ಬಂದಿದೆ. ಭಯ, ಖಿನ್ನತೆ, ಉನ್ಮಾದಗಳ ಬಗ್ಗೆ ಬಹಳ ತಿಳಿದಿದೆ. ಆದರೆ ಧೈರ್ಯ, ಕೃತಜ್ಞತೆ, ದಯೆ, ಭರವಸೆಗಳು ಮನುಷ್ಯನಲ್ಲಿ ಹೇಗೆ ಬೆಳೆಯುತ್ತವೆಂಬುದನ್ನು ಅಷ್ಟಾಗಿ ಕೇಳಿಲ್ಲ ಎಂಬುದು ಅದರ ಸಾರ. ‘ಪಾಸಿಟಿವ್ ಸೈಕಾಲಜಿ’ ಎಂದು ಇಂದು ಕರೆಯಲಾಗುವ ಸಕಾರಾತ್ಮಕ ಮನೋವಿಜ್ಞಾನವು ಬೆಳೆದದ್ದು ಆ ದೂರಿನಿಂದ. 2004ರಲ್ಲಿ ಅವರೂ ಕ್ರಿಸ್ಟೋಫರ್ ಪೀಟರ್ಸನ್ ಅವರೂ ಸೇರಿ ನಾನಾ ಧರ್ಮ-ದರ್ಶನಗಳನ್ನು ಅವಲೋಕಿಸಿ 24 ಸದ್ಗುಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ರೋಗಗಳಿಗೆ ಪಟ್ಟಿಯಿರುವಂತೆ ಗುಣಗಳಿಗೂ ಒಂದು ಪಟ್ಟಿಯಿರಲೆಂಬುದು ಅವರ ಆಶಯ.

ಜೈನ ಓದುಗರಿಗೆ ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಸೆಲಿಗ್‌ಮನ್ ಅವರ ಕೀರ್ತಿಯ ಆರಂಭವು ಹಿಂಸೆಯಲ್ಲಿದೆ. 1960ರ ದಶಕದಲ್ಲಿ ಅವರು ಮತ್ತು ಸ್ಟೀವನ್ ಮೇಯರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾಯಿಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟು ಪರೀಕ್ಷಿಸಿದರು. ಏನು ಮಾಡಿದರೂ ನೋವು ನಿಲ್ಲದೆಂದು ಕಂಡ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದಾಗಲೂ ಬಿದ್ದುಕೊಂಡೇ ನೋವುಂಡವು. ಇದನ್ನು ‘ಕಲಿತ ಅಸಹಾಯಕತೆ’ ಎಂದು ಅವರು ಕರೆದರು. ಆ ಮೂಕ ಜೀವಿಗಳ ವೇದನೆಯನ್ನು ಯಾವ ಜ್ಞಾನವೂ ಸಮರ್ಥಿಸಲಾರದು. ಐವತ್ತು ವರ್ಷಗಳ ಮೇಲೆ, 2016ರಲ್ಲಿ, ಅದೇ ಇಬ್ಬರೂ ತಮ್ಮ ಮೊದಲ ತೀರ್ಮಾನ ತಲೆಕೆಳಗಾಗಿತ್ತೆಂದು ಬರೆದು ತಿದ್ದಿಕೊಂಡರು. ದೀರ್ಘ ನೋವಿಗೆ ಸಿಕ್ಕ ಜೀವಿಯು ಸುಮ್ಮನಾಗುವುದು ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ. ಕಲಿಯಬೇಕಾದದ್ದು ‘ಇದರಲ್ಲಿ ನನ್ನ ಕೈಯಲ್ಲೂ ಏನೋ ಇದೆ’ ಎಂಬ ಅರಿವನ್ನು ಎಂದು. ಫಲವನ್ನು ಹಂಚುವ ಒಡೆಯನೊಬ್ಬನು ಮೇಲಿದ್ದಾನೆಂದು ನಂಬದೆ ಪುರುಷಾರ್ಥವನ್ನೇ ನಂಬಿದ ಮಾರ್ಗದವರಿಗೆ ಈ ಮಾತು ಹೊಸದಲ್ಲ. ಕರ್ಮೋದಯವಿದೆ, ಅದರ ಮುಂದೆ ಜೀವನ ಪರಿಣಾಮವೂ ಇದೆ.

ಸೋತಾಗ ಮನುಷ್ಯ ತನಗೆ ತಾನೇ ಏನು ಹೇಳಿಕೊಳ್ಳುತ್ತಾನೆ? ಈ ವಿಜ್ಞಾನದ ಅತ್ಯಂತ ಉಪಯುಕ್ತ ಭಾಗ ಇರುವುದು ಇಲ್ಲಿ. ಎದೆಗುಂದುವವನು ಸೋಲನ್ನು ಮೂರು ಬಗೆಯಲ್ಲಿ ಹಿಗ್ಗಿಸುತ್ತಾನೆಂದು ಸೆಲಿಗ್‌ಮನ್ ಗುರುತಿಸಿದರು: ಇದು ಎಂದೆಂದಿಗೂ ಹೀಗೆಯೇ, ಎಲ್ಲದರಲ್ಲೂ ಹೀಗೆಯೇ, ದೋಷ ಪೂರ್ತಿ ನನ್ನದೇ. ‘ಈ ಲೆಕ್ಕ ತಪ್ಪಾಯಿತು’ ಎನ್ನಬೇಕಾದ ಹುಡುಗ ‘ನಾನು ದಡ್ಡ’ ಎನ್ನುತ್ತಾನೆ. ತರಗತಿಯಲ್ಲಿ ಮೂವತ್ತು ವರ್ಷ ಕಳೆದ ಯಾವ ಶಿಕ್ಷಕನನ್ನು ಕೇಳಿದರೂ ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ಎಷ್ಟು ಮಕ್ಕಳು ಕಳೆದುಹೋದರೆಂದು ಹೇಳಿಯಾರು. ಕೆಂಪು ಶಾಯಿಯ ಲೇಖನಿಗೂ ಅದರಲ್ಲಿ ಪಾಲಿದೆ.

ಜೈನ ದರ್ಶನದ ಭಾಷೆಯಲ್ಲಿ ಇದು ಪರ್ಯಾಯವನ್ನು ದ್ರವ್ಯವೆಂದು ಬಗೆಯುವ ಭ್ರಾಂತಿ. ಬಳೆ ಕರಗಿ ಸರವಾದರೂ ಚಿನ್ನ ಚಿನ್ನವೇ. ಸೋಲು, ಕೋಪ, ಆಲಸ್ಯ, ಕಡಿಮೆ ಅಂಕ ಇವೆಲ್ಲ ಬಂದು ಹೋಗುವ ಪರ್ಯಾಯಗಳು; ಜೀವದ್ರವ್ಯವು ಅನಂತಜ್ಞಾನ, ಅನಂತದರ್ಶನ, ಅನಂತಸುಖ, ಅನಂತವೀರ್ಯಗಳ ಶಕ್ತಿಯುಳ್ಳದ್ದು. ಈ ತತ್ತ್ವವನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದವರು ಮನೆಗೆ ಬಂದು ಮಗುವನ್ನು ‘ಸೋಮಾರಿ’ ಎಂದು ಕರೆಯುವಾಗ ಒಂದು ಪರ್ಯಾಯಕ್ಕೆ ದ್ರವ್ಯದ ಹೆಸರಿಡುತ್ತಿದ್ದಾರೆ. ಸೊಸೆಯನ್ನು ‘ಅವಳ ಸ್ವಭಾವವೇ ಅಂಥದ್ದು’ ಎನ್ನುವ ಅತ್ತೆಯೂ, ಅತ್ತೆಯನ್ನು ಅದೇ ಮಾತಿನಿಂದ ತೀರಿಸುವ ಸೊಸೆಯೂ ಮಾಡುವುದು ಇದನ್ನೇ. ತಪ್ಪನ್ನು ತಪ್ಪೆನ್ನಬಾರದೆಂದಲ್ಲ. ಇಂದು, ಈ ವಿಷಯದಲ್ಲಿ, ಇಷ್ಟು ತಪ್ಪಾಯಿತು ಎಂದು ಅದಕ್ಕೆ ಗಡಿ ಹಾಕಿ ಹೇಳಬೇಕು. ಈ ಗಡಿ ಹಾಕುವ ಅಭ್ಯಾಸವನ್ನು ಆಧುನಿಕರು ತಮ್ಮ ಆಲೋಚನೆಯೊಡನೆ ತಾವೇ ವಾದಿಸುವುದು ಎಂದು ಕಲಿಸುತ್ತಾರೆ: ‘ಎಂದೆಂದಿಗೂ’ ಎಂಬುದಕ್ಕೆ ಸಾಕ್ಷಿಯೇನು? ಬೇರೆ ಕಾರಣವಿರಬಹುದೇ? ಸ್ಯಾದ್ವಾದವನ್ನು ಓದಿದವರಿಗೆ ಈ ಪ್ರಶ್ನೆಗಳ ಪರಿಚಯವಿದೆ; ಅವನ್ನು ತಮ್ಮ ಮನಸ್ಸಿನ ಮೇಲೆ ಪ್ರಯೋಗಿಸುವ ರೂಢಿ ಮಾತ್ರ ಇಲ್ಲ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಪ್ರತಿಕ್ರಮಣವೆಂದರೆ ದೋಷಗಳನ್ನು ಎಣಿಸುವುದೇ ಅಲ್ಲವೇ? ಹೌದು. ಆದರೆ ಮುನಿಗಳ ಷಡಾವಶ್ಯಕಗಳ ಕ್ರಮವನ್ನು ನೋಡಬೇಕು. ಮೊದಲು ಸಮತೆ, ಬಳಿಕ ಇಪ್ಪತ್ನಾಲ್ಕು ತೀರ್ಥಂಕರರ ಸ್ತವನ, ಆಮೇಲೆ ವಂದನೆ. ಪ್ರತಿಕ್ರಮಣ ಬರುವುದು ನಾಲ್ಕನೆಯದಾಗಿ. ಮನಸ್ಸು ಮೊದಲು ಸಮವಾಗಿ, ಗುಣಗಳನ್ನು ನೆನೆದು ಹಿಗ್ಗಿದ ಮೇಲೆಯೇ ದೋಷದ ಲೆಕ್ಕ. ಅಲ್ಲಿಗೂ ನಿಲ್ಲುವುದಿಲ್ಲ, ಮುಂದೆ ಮಾಡೆನೆಂಬ ಪ್ರತ್ಯಾಖ್ಯಾನ, ಕೊನೆಗೆ ಎಲ್ಲವನ್ನೂ ಕಳಚಿ ನಿಲ್ಲುವ ಕಾಯೋತ್ಸರ್ಗ. ಅಂದರೆ ಪ್ರತಿಕ್ರಮಣಕ್ಕೆ ಒಂದು ಮುಕ್ತಾಯವಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಹತ್ತು ವರ್ಷದ ಹಿಂದಿನ ಅವಮಾನವನ್ನು ಮೆಲುಕು ಹಾಕುವುದಕ್ಕೆ ಮುಕ್ತಾಯವಿಲ್ಲ. ಅದು ಪಶ್ಚಾತ್ತಾಪವಲ್ಲ, ಆರ್ತಧ್ಯಾನ. ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ, ನಿದಾನ ಎಂಬ ಅದರ ನಾಲ್ಕು ಮುಖಗಳನ್ನು ಶಾಸ್ತ್ರ ಹೆಸರಿಸಿಯೇ ಇದೆ. ಎಷ್ಟೋ ಭಾವುಕರು ಆರ್ತಧ್ಯಾನಕ್ಕೆ ಪ್ರತಿಕ್ರಮಣದ ವೇಷ ತೊಡಿಸಿ ತಮ್ಮನ್ನು ತಾವೇ ದಂಡಿಸಿಕೊಳ್ಳುತ್ತಾರೆ.

ಇನ್ನು ಅಭ್ಯಾಸದ ಮಾತು. 2005ರಲ್ಲಿ ಸೆಲಿಗ್‌ಮನ್ ಮತ್ತು ಸಂಗಡಿಗರು ಕೆಲವು ಸರಳ ಅಭ್ಯಾಸಗಳನ್ನು ಪರೀಕ್ಷಿಸಿದರು. ಒಂದರಲ್ಲಿ, ಒಂದು ವಾರ ಪ್ರತಿ ರಾತ್ರಿ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನೂ ಪ್ರತಿಯೊಂದು ಏಕೆ ನಡೆಯಿತೆಂಬುದನ್ನೂ ಬರೆಯಬೇಕಿತ್ತು. ಹೀಗೆ ಮಾಡಿದವರಲ್ಲಿ ನೆಮ್ಮದಿ ಹೆಚ್ಚಿ ಖಿನ್ನತೆಯ ಲಕ್ಷಣಗಳು ಕಡಿಮೆಯಾದವು; ಆರು ತಿಂಗಳಾದರೂ ಪರಿಣಾಮ ಉಳಿದಿತ್ತು. ಹೇಳಿದ ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಿಗೆ ಹೆಚ್ಚು ಫಲ ದೊರೆಯಿತು. ‘ಏಕೆ’ ಎಂಬ ಪ್ರಶ್ನೆಯಲ್ಲಿ ಇದರ ಜೀವವಿದೆ. ‘ಇಂದು ಬಸ್ಸಿನಲ್ಲಿ ಆಸನ ಸಿಕ್ಕಿತು’ ಎಂದು ಬರೆದವರು ಏಕೆಂದು ಕೇಳಿಕೊಂಡಾಗ, ಎದ್ದು ಜಾಗ ಬಿಟ್ಟ ಕಾಲೇಜು ಹುಡುಗಿಯ ಮುಖ ನೆನಪಾಗಬೇಕಾಗುತ್ತದೆ. ಅಲ್ಲಿಗೆ ಸುಖದ ಲೆಕ್ಕವು ಪ್ರಮೋದದ ಲೆಕ್ಕವಾಗಿ ತಿರುಗುತ್ತದೆ.

ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ ಅವರ 2003ರ ಅಧ್ಯಯನದಲ್ಲೂ, ವಾರಕ್ಕೊಮ್ಮೆಯಂತೆ ಹತ್ತು ವಾರ ಕೃತಜ್ಞತೆಯ ಸಂಗತಿಗಳನ್ನು ಬರೆದ ವಿದ್ಯಾರ್ಥಿಗಳು ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ಆದರೆ ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ವಿದುಷಿ ಕಂಡದ್ದು ಇನ್ನೂ ಗಮನಾರ್ಹ. ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು. ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಪದೇ ಪದೇ ಮಾಡಿದ್ದರಿಂದ ಅದು ಸಪ್ಪೆಯಾಗಿರಬೇಕೆಂದು ಅವರ ಊಹೆ. ದ್ರವ್ಯಕ್ರಿಯೆಯಿದ್ದು ಭಾವವಿಲ್ಲದಿದ್ದರೆ ಏನಾಗುವುದೆಂದು ಆಚಾರ್ಯರು ಎಚ್ಚರಿಸಿದ್ದನ್ನು ಪ್ರಶ್ನಾವಳಿಯೊಂದು ದೃಢಪಡಿಸಿದಂತಾಯಿತು. ಆದ್ದರಿಂದ ಪ್ರಮೋದದ ದಿನಚರಿಯನ್ನು ಆರಂಭಿಸುವವರು ಅಷ್ಟಮಿ ಮತ್ತು ಚತುರ್ದಶಿಗಳಿಗೆ ಅದನ್ನು ಇಟ್ಟುಕೊಂಡರೆ ಸಾಕು. ಸ್ವಾಧ್ಯಾಯದ ಗ್ರಂಥದ ಪಕ್ಕದಲ್ಲಿ ಒಂದು ನೋಟ್‌ಬುಕ್. ಆ ದಿನಗಳಲ್ಲಿ ಮನೆಯವರಲ್ಲಿ, ನೆರೆಯವರಲ್ಲಿ, ಸಾಧ್ಯವಾದರೆ ಮನಸ್ತಾಪವುಳ್ಳ ಒಬ್ಬರಲ್ಲಿ ಕಂಡ ಒಂದೊಂದು ಗುಣ. ‘ಒಳ್ಳೆಯವರು’ ಎಂದು ಬರೆದರೆ ಅದು ಬರವಣಿಗೆಯಲ್ಲ. ಏನು ಮಾಡಿದರು, ಯಾವಾಗ ಮಾಡಿದರು ಎಂದು ಬರೆಯಬೇಕು. ಪರರಲ್ಲಿರುವ ಗುಣವನ್ನು ಮುಚ್ಚುವುದು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವೇ ಹೇಳುವಾಗ, ಈ ನೋಟ್‌ಬುಕ್ಕನ್ನು ಪರದೇಶದ ಹೊಸ ಹವ್ಯಾಸವೆಂದು ತಳ್ಳಿಹಾಕಲಾಗದು.

ತನ್ಮಯತೆಯ ಬಗ್ಗೆ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಮಾಡಿದ ಸಂಶೋಧನೆಯೂ ಪ್ರಸಿದ್ಧ: ಕೆಲಸದ ಕಷ್ಟಕ್ಕೂ ಕೈಯ ಕೌಶಲಕ್ಕೂ ಸರಿಹೊಂದಿದಾಗ ಹೊತ್ತು ಹೋದದ್ದೇ ತಿಳಿಯದು. ಮೂಡುಬಿದಿರೆಯಲ್ಲಿ ಉಳಿದುಬಂದ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಪ್ರತಿಮಾಡಿದ ಕೈಗಳಿಗೆ ಇದು ತಿಳಿದಿದ್ದಿರಬೇಕು.

ಇಷ್ಟು ಹೇಳಿದ ಮೇಲೆ ಭೇದವನ್ನೂ ಹೇಳಬೇಕು. ಈ ವಿಜ್ಞಾನಕ್ಕೆ ನೆಮ್ಮದಿಯೇ ಗುರಿ; ಜಿನಮಾರ್ಗಕ್ಕೆ ಸಾತಾವೇದನೀಯದಿಂದ ಬರುವ ಸುಖವು ಪರಾಧೀನವಾದದ್ದು, ಕೊನೆಯುಳ್ಳದ್ದು. ಅಚ್ಚರಿಯೆಂದರೆ ಈ ಪರಾಧೀನತೆಗೆ ಮನೋವಿಜ್ಞಾನದಲ್ಲೇ ಸಾಕ್ಷಿಯಿದೆ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ದೊಡ್ಡ ಲಾಟರಿ ಗೆದ್ದ 22 ಜನರನ್ನು ವಿಚಾರಿಸಿದಾಗ, ಅವರು ಇತರರಿಗಿಂತ ಗಮನಾರ್ಹವಾಗಿ ಹೆಚ್ಚು ಸುಖಿಗಳಾಗಿರಲಿಲ್ಲ; ಮೇಲಾಗಿ ದಿನನಿತ್ಯದ ಸಣ್ಣ ಸಂತೋಷಗಳು ಅವರಿಗೆ ರುಚಿಗೆಟ್ಟಿದ್ದವು. ಪರಿಗ್ರಹ ಪರಿಮಾಣವ್ರತವನ್ನು ತ್ಯಾಗವೆಂದೇ ಭಾವಿಸಿ ಹಿಂಜರಿಯುವ ಶ್ರಾವಕರು ಇದನ್ನು ಓದಬೇಕು. ಇನ್ನೊಂದು ಸೂಕ್ಷ್ಮ: ತಾನು ಸುಖಿಯಾಗಬೇಕೆಂದೇ ಇತರರಿಗೆ ಕೃತಜ್ಞತೆ ಹೇಳುವುದು ಫಲದ ಬಯಕೆಯಾಗಿ, ನಿದಾನದ ಅಂಚಿಗೆ ಬರುತ್ತದೆ. ಪ್ರಮೋದದಲ್ಲಿ ಹೇಳುವವನಿಗೆ ಏನು ಸಿಕ್ಕಿತೆಂಬ ಲೆಕ್ಕವೇ ಇಲ್ಲ. ಈ ವಿಜ್ಞಾನದ ಎಲ್ಲ ಅಂಕಿಗಳೂ ಗಟ್ಟಿಯಲ್ಲ ಎಂಬುದೂ ನೆನಪಿರಲಿ. ಒಂದು ಕಹಿ ಭಾವಕ್ಕೆ ಸುಮಾರು ಮೂರು ಸಿಹಿ ಭಾವಗಳಿರಬೇಕೆಂಬ ಪ್ರಸಿದ್ಧ ಸೂತ್ರದ ಗಣಿತ ತಪ್ಪೆಂದು 2013ರಲ್ಲಿ ತೋರಿಸಲಾಯಿತು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಬೇರೊಂದು ಕಡೆ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನ್ನುವ ಸೊಸೆಗೆ ‘ಒಳ್ಳೆಯದನ್ನೇ ಯೋಚಿಸು’ ಎನ್ನುವುದು ಕ್ರೌರ್ಯ. ‘ಅಸಾತಾ ಕರ್ಮ, ಅನುಭವಿಸಲೇಬೇಕು’ ಎನ್ನುವುದು ಅದಕ್ಕಿಂತ ದೊಡ್ಡ ಕ್ರೌರ್ಯ. ಜ್ವರ ಬಂದವರಿಗೆ ಯಾರೂ ಹಾಗೆನ್ನುವುದಿಲ್ಲ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಅವಳನ್ನು ಮನೋವೈದ್ಯರ ಬಳಿಗೆ ಕರೆದೊಯ್ದು ಹೊರಗಿನ ಬೆಂಚಿನ ಮೇಲೆ ಕಾಯುವುದೂ ಆ ದಾನದಲ್ಲಿ ಸೇರುತ್ತದೆ.

2005ರ ಆ ಅಧ್ಯಯನದಲ್ಲಿ ಇನ್ನೊಂದು ಅಭ್ಯಾಸವಿತ್ತು. ಉಪಕಾರ ಮಾಡಿಯೂ ಎಂದೂ ಸರಿಯಾಗಿ ವಂದನೆ ಪಡೆಯದ ಒಬ್ಬರಿಗೆ ಪತ್ರ ಬರೆದು, ಅದನ್ನು ತಾವೇ ಒಯ್ದು ಮುಟ್ಟಿಸುವುದು. ಆರಂಭದಲ್ಲಿ ಅತಿ ಹೆಚ್ಚಿನ ಪರಿಣಾಮ ಬೀರಿದ್ದು ಇದೇ, ಆದರೂ ಒಂದು ತಿಂಗಳಿಗಿಂತ ಹೆಚ್ಚು ಉಳಿಯಲಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ ಇಂದು ‘ಉತ್ತಮ ಕ್ಷಮಾ’ ಎಂಬ ಸಂದೇಶ ಒಂದೇ ಒತ್ತಿಗೆ ಇನ್ನೂರು ಮೊಬೈಲುಗಳಿಗೆ ಹೋಗುತ್ತದೆ. ನಿಜವಾಗಿ ನೋಯಿಸಿದ ಒಬ್ಬರಿಗೆ ಮಾತ್ರ ಹೋಗದು, ಏಕೆಂದರೆ ಅವರು ಅದೇ ಮನೆಯಲ್ಲಿದ್ದಾರೆ. ಈ ಸಲದ ಕ್ಷಮಾವಣಿಗೆ ಒಬ್ಬರನ್ನಾದರೂ ಹುಡುಕಿಕೊಂಡು ಹೋಗಬಹುದು: ಅಕ್ಷರ ಕಲಿಸಿದ ಮೇಷ್ಟ್ರು, ಬಸದಿಯ ಅಂಗಳ ಗುಡಿಸಿ ಮುದುಕಿಯಾದ ಹೆಂಗಸು, ಆಸ್ತಿಯ ಭಾಗದ ಮೇಲೆ ಮಾತುಬಿಟ್ಟ ಅಣ್ಣ. ಮೊದಲು ಅವರಲ್ಲಿ ಕಂಡ ಒಂದು ಗುಣವನ್ನು, ನಡೆದ ಸಂಗತಿಯೊಡನೆ, ಬಾಯಿಬಿಟ್ಟು ಹೇಳುವುದು. ಆಮೇಲೆ ಕ್ಷಮೆ ಕೇಳುವುದು. ಕ್ರಮ ಷಡಾವಶ್ಯಕದ್ದೇ. ಅಣ್ಣ ಬಾಗಿಲು ತೆರೆಯದಿದ್ದರೆ ಹೇಳಬೇಕೆಂದಿದ್ದನ್ನು ಒಂದು ಚೀಟಿಯಲ್ಲಿ ಬರೆದು ಅತ್ತಿಗೆಯ ಕೈಗೆ ಕೊಟ್ಟು ಬರಬಹುದು.